ಕಾರಿನ ಹೊಳಪು: ಪಾಲಿಶ್ ಬೇರೆ, ವ್ಯಾಕ್ಸ್ ಬೇರೆ

ಬಾಗಲಕೋಟೆ: ಐಹೊಳೆ, ಪಟ್ಟದಕಲ್ಲು, ಬಾದಾಮಿ ನೋಡಿಕೊಂಡು ಊರಿಗೆ ಮರಳಿದ ಕಾರಿನ ಮೇಲೆ ಕೆಂಧೂಳಿನ ಒಂದು ಪದರ ಕುಳಿತಿರುವುದು ಸಾಮಾನ್ಯ. ಮರುದಿನ ಬೆಳಿಗ್ಗೆ ಒಣ ಹಳದಿ ಬಟ್ಟೆಯಿಂದ ಅದನ್ನು ಒರೆಸಿ ತೆಗೆಯುವುದೂ ಅಷ್ಟೇ ಸಾಮಾನ್ಯ. ಕಾರಿನ ಬಣ್ಣಕ್ಕೆ ಹೆಚ್ಚಿನ ಹಾನಿಯಾಗುವುದು ಈ ಒರೆಸುವಿಕೆಯಿಂದಲೇ. ಐಹೊಳೆ-ಬಾದಾಮಿಯ ಬೆಟ್ಟಗಳು ಮರಳುಗಲ್ಲಿನವು. ಮರಳುಗಲ್ಲಿನ ಬಹುಪಾಲು ಸ್ಫಟಿಕ ಶಿಲೆಯ ಕಣಗಳು. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಸ್ಫಟಿಕ ಶಿಲೆಯ ಸ್ಥಾನ 7. ಅದು ಗಾಜನ್ನೂ ಗೀರಬಲ್ಲದು. ಗಾಜಿಗಿಂತ ಎಷ್ಟೋ ಮೃದುವಾದ ಕಾರಿನ ಬಣ್ಣದ ಮೇಲೆ ಅದೇ ಕಣಗಳನ್ನು ಬಟ್ಟೆಯಿಂದ ಒತ್ತಿ ಎಳೆದರೆ ಆಗುವುದೇನೆಂದು ಬಿಡಿಸಿ ಹೇಳಬೇಕಿಲ್ಲ.

ಬಿಸಿಲಿನಲ್ಲಿ ನಿಲ್ಲಿಸಿದ ಕಪ್ಪು ಕಾರಿನ ಬಾನೆಟ್ ಮೇಲೆ ಜೇಡರ ಬಲೆಯಂತೆ ಸುತ್ತು ಸುತ್ತಾಗಿ ಕಾಣುವ ನವಿರಾದ ಗೆರೆಗಳು ಹೀಗೆ ಹುಟ್ಟಿದವು. ಇವನ್ನು ತೆಗೆಯಲು ಮನೆಯಲ್ಲಿಯೇ ಪಾಲಿಶ್ ಮಾಡಬಹುದು. ಆದರೆ ಪಾಲಿಶ್ ಮತ್ತು ವ್ಯಾಕ್ಸ್ ಒಂದೇ ಎಂದು ತಿಳಿದು ಕೈಹಾಕುವವರೇ ಹೆಚ್ಚು. ಒಂದು ಬಣ್ಣವನ್ನು ಸವೆಸುತ್ತದೆ, ಇನ್ನೊಂದು ಕಾಯುತ್ತದೆ. ಈ ವ್ಯತ್ಯಾಸ ತಿಳಿಯದಿದ್ದರೆ ಕಾರು ಪೇಂಟಿಂಗ್ ಶೆಡ್ಡಿಗೆ ಹೋಗಬೇಕಾದೀತು.

ಇಳಕಲ್ ಕಲ್ಲಿನ ಪಾಠ

ಪಾಲಿಶ್ ಎಂದರೇನು ಎಂಬುದನ್ನು ಅರಿಯಲು ಐಹೊಳೆಯಿಂದ ಬಹುದೂರ ಹೋಗಬೇಕಿಲ್ಲ. ಸೀರೆಗೆ ಹೆಸರಾದ ಇಳಕಲ್ ಪಟ್ಟಣ ಕೆಂಪು ಗ್ರಾನೈಟಿಗೂ ಅಷ್ಟೇ ಹೆಸರುವಾಸಿ. ಗಣಿಯಿಂದ ಬಂದ ದಿಮ್ಮಿಯನ್ನು ಹಲಗೆಗಳಾಗಿ ಕೊಯ್ದಾಗ ಅದರ ಮೈ ಮಂಕಾಗಿರುತ್ತದೆ. ನೀರು ಹರಿಸುತ್ತ ಮೊದಲು ಒರಟು ಉಜ್ಜುಗಲ್ಲಿನಿಂದ, ಅನಂತರ ಅದಕ್ಕಿಂತ ನಯವಾದುದರಿಂದ, ಕೊನೆಗೆ ಅತಿ ನಯವಾದುದರಿಂದ ಹಂತ ಹಂತವಾಗಿ ಉಜ್ಜಿದಾಗ ಅದೇ ಕಲ್ಲು ಕನ್ನಡಿಯಂತಾಗುತ್ತದೆ. ಪ್ರತಿ ಹಂತವೂ ಹಿಂದಿನ ಹಂತದ ಗೀರುಗಳನ್ನು ಅಳಿಸಿ ಇನ್ನಷ್ಟು ಚಿಕ್ಕ ಗೀರುಗಳನ್ನು ಉಳಿಸುತ್ತದೆ. ಕಡೆಗೆ ಕಣ್ಣಿಗೆ ಕಾಣದಷ್ಟು ಚಿಕ್ಕವು ಮಾತ್ರ ಉಳಿಯುತ್ತವೆ. ಆಗ ಬೆಳಕು ಚದುರದೆ ನೇರವಾಗಿ ಪ್ರತಿಫಲಿಸುತ್ತದೆ. ಲಕ್ಕುಂಡಿಯ ಮತ್ತು 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯದ ಕಂಬಗಳು ಇಂದಿಗೂ ಮಿನುಗುವುದು ಇದೇ ತತ್ವದಿಂದ.

ಕಾರಿನ ಪಾಲಿಶ್ ಕೂಡ ಇದೇ ಕೆಲಸ. ಡಬ್ಬಿಯಲ್ಲಿರುವ ದ್ರವದಲ್ಲಿ ಅತಿ ಸಣ್ಣ ಉಜ್ಜುಕಣಗಳಿರುತ್ತವೆ. ಅವು ಗೀರಿನ ಅಕ್ಕಪಕ್ಕದ ಎತ್ತರವನ್ನು ಸವೆಸಿ ಗೀರಿನ ತಳಕ್ಕೆ ಸಮ ಮಾಡುತ್ತವೆ. ಅಂದರೆ ಪಾಲಿಶ್ ಗೀರನ್ನು ತುಂಬುವುದಿಲ್ಲ, ಸುತ್ತಲಿನ ಬಣ್ಣವನ್ನು ಕಳೆಯುತ್ತದೆ. ಗ್ರಾನೈಟ್ ಹಲಗೆ ಸೆಂಟಿಮೀಟರುಗಳಷ್ಟು ದಪ್ಪವಿರುವುದರಿಂದ ಸವೆದದ್ದು ಲೆಕ್ಕಕ್ಕೆ ಬರುವುದಿಲ್ಲ. ಕಾರಿನ ಬಣ್ಣದ ಸಂಗತಿ ಹಾಗಲ್ಲ.

ಕೂದಲಿಗಿಂತ ತೆಳು

ಇಂದಿನ ಹೆಚ್ಚಿನ ಕಾರುಗಳಲ್ಲಿ ಉಕ್ಕಿನ ಹಾಳೆಯ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣದ ಪದರ, ಅದರ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತವೆ. ಎಲ್ಲ ಸೇರಿ ದಪ್ಪ ಸುಮಾರು 100ರಿಂದ 150 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಇದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 35ರಿಂದ 50 ಮೈಕ್ರಾನ್ ಮಾತ್ರ. ಮನುಷ್ಯನ ತಲೆಗೂದಲು ಸಾಮಾನ್ಯವಾಗಿ ಇದಕ್ಕಿಂತ ದಪ್ಪ.

ಹೊಳಪು ಕೊಡುವುದೂ, ಸೂರ್ಯನ ಅತಿನೇರಳೆ ಕಿರಣಗಳಿಂದ ಬಣ್ಣವನ್ನು ಕಾಯುವುದೂ ಈ ಪದರವೇ. ಒರಟು ರಬ್ಬಿಂಗ್ ಕಾಂಪೌಂಡನ್ನು ಯಂತ್ರದಿಂದ ಉಜ್ಜಿದರೆ ಒಂದು ಸಲಕ್ಕೆ ಕೆಲವು ಮೈಕ್ರಾನ್ ಹೋಗಬಹುದು. ಪ್ರತಿ ಸಲ 3 ಮೈಕ್ರಾನ್ ಎಂದು ಹಿಡಿದು, ವರ್ಷಕ್ಕೆ ಎರಡು ಸಲ ಉಜ್ಜಿದರೆ ಐದು ವರ್ಷಕ್ಕೆ 30 ಮೈಕ್ರಾನ್. ಕ್ಲಿಯರ್ ಕೋಟ್ ಬಹುತೇಕ ಮುಗಿದಂತೆಯೇ. ಮುಂದೆ ಬಾನೆಟ್ ಮತ್ತು ಟಾಪ್ ಮೇಲೆ ಬಿಳಿಚಿಕೊಂಡ ತೇಪೆಗಳು ಕಾಣಿಸಿಕೊಂಡು, ಪದರ ಸಿಪ್ಪೆಯಂತೆ ಏಳುತ್ತದೆ. ಅದಕ್ಕೆ ಯಾವ ಡಬ್ಬಿಯಲ್ಲೂ ಮದ್ದಿಲ್ಲ. ಆ ಭಾಗಕ್ಕೆ ಮತ್ತೆ ಬಣ್ಣ ಹೊಡೆಸಬೇಕು. ಒಂದು ಭಾಗಕ್ಕೆ ಬಣ್ಣ ಹೊಡೆಸುವ ಖರ್ಚು ಹಲವು ಡಬ್ಬಿ ವ್ಯಾಕ್ಸಿನ ಬೆಲೆಗಿಂತ ಹೆಚ್ಚು.

ಹಳೆಯ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಿಗೆ ಕ್ಲಿಯರ್ ಕೋಟ್ ಇರಲಿಲ್ಲ. ಪಾಲಿಶ್ ಮಾಡಿದಾಗ ಬಟ್ಟೆಗೆ ಕಾರಿನ ಬಣ್ಣವೇ ಹತ್ತಿಕೊಳ್ಳುತ್ತಿತ್ತು. ಇದೇ ಸುಲಭದ ಪರೀಕ್ಷೆ. ಮೂಲೆಯೊಂದರಲ್ಲಿ ಬಿಳಿ ಬಟ್ಟೆಯಿಂದ ಸ್ವಲ್ಪ ಪಾಲಿಶ್ ಉಜ್ಜಿ ನೋಡಬೇಕು. ಬಟ್ಟೆಗೆ ಬಣ್ಣ ಬಂದರೆ ಒಂದೇ ಪದರದ ಬಣ್ಣ. ಕ್ಲಿಯರ್ ಕೋಟ್ ಇರಬೇಕಾದ ಹೊಸ ಕಾರಿನಲ್ಲಿ ಹೀಗೆ ಬಣ್ಣ ಬಂದರೆ ಆ ಜಾಗದಲ್ಲಿ ಪದರ ಸವೆದಿದೆ ಎಂದರ್ಥ, ಕೂಡಲೇ ನಿಲ್ಲಿಸಬೇಕು.

ಧೂಳು, ಬಿಸಿಲು, ಬೋರ್‌ವೆಲ್ ನೀರು

ಬಾಗಲಕೋಟೆ ಸೀಮೆಯಲ್ಲಿ ಕಾರಿನ ಬಣ್ಣಕ್ಕೆ ಶತ್ರುಗಳು ಹಲವು. ಇಳಕಲ್ ಸುತ್ತಲಿನ ಕಲ್ಲುಗಣಿಗಳ ಪುಡಿ, ಎರೆಹೊಲದ ಮಣ್ಣು, ಮುಧೋಳ-ಜಮಖಂಡಿ ಕಡೆ ಕಬ್ಬಿನ ರವದಿ ಸುಟ್ಟಾಗ ಹಾರಿ ಬರುವ ಕರಿ, ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿಲು. ನೆರಳಿಗೆಂದು ಮರದ ಕೆಳಗೆ ನಿಲ್ಲಿಸಿದರೆ ಅಂಟು ಹನಿ ಮತ್ತು ಹಕ್ಕಿ ಹಿಕ್ಕೆ. ಹಿಕ್ಕೆಯಲ್ಲಿರುವ ಆಮ್ಲವು ಬಿಸಿಯಾದ ಬಣ್ಣದ ಮೇಲೆ ಕೆಲವೇ ಗಂಟೆಗಳಲ್ಲಿ ಗುರುತು ಕೊರೆಯಬಲ್ಲದು. ಆದ್ದರಿಂದ ಕಂಡ ತಕ್ಷಣ ಒದ್ದೆ ಬಟ್ಟೆಯನ್ನು ಅದರ ಮೇಲೆ ಕೆಲ ನಿಮಿಷ ಇಟ್ಟು, ಮೆತ್ತಗಾದ ಮೇಲೆ ಎತ್ತಿ ತೆಗೆಯಬೇಕು. ಉಜ್ಜಬಾರದು.

ಇನ್ನೊಂದು ಶತ್ರು ನೀರು. ಬಯಲುಸೀಮೆಯ ಬಹಳ ಕಡೆ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ನೀರು ಆರಿದ ಮೇಲೆ ಬಿಳಿ ಉಂಗುರಗಳಾಗಿ ಉಳಿಯುತ್ತವೆ. ಹೊಸ ಕಲೆಯನ್ನು ಸಮಪಾಲು ನೀರು ಬೆರೆಸಿದ ಬಿಳಿ ವಿನೆಗರ್‌ನಿಂದ ಒರೆಸಿ, ಕೂಡಲೇ ಶುದ್ಧ ನೀರಿನಿಂದ ತೊಳೆದರೆ ಹೋಗುತ್ತದೆ. ಹಳೆಯದಾದರೆ ಪಾಲಿಶ್ ಬೇಕಾಗುತ್ತದೆ. ತೊಳೆದ ಕಾರನ್ನು ಬಿಸಿಲಿಗೆ ಆರಲು ಬಿಡದೆ ತಕ್ಷಣ ಒರೆಸುವುದೇ ಉತ್ತಮ ಉಪಾಯ.

ಮೊದಲು ಸ್ನಾನ

ಪಾಲಿಶ್‌ಗಿಂತ ಮೊದಲಿನ ತೊಳೆತವೇ ಮುಖ್ಯ. ಕೆಲಸಕ್ಕೆ ನೆರಳು ಬೇಕು. ಅಂಗೈಯ ಹಿಂಬದಿ ಇಟ್ಟಾಗ ಬಾನೆಟ್ ತಣ್ಣಗಿರಬೇಕು. ಮೊದಲು ಬರಿ ನೀರು ಸುರಿದು ಸಡಿಲ ಧೂಳನ್ನು ಇಳಿಸಬೇಕು. ಅನಂತರ ಎರಡು ಬಕೆಟ್‌ಗಳ ಕ್ರಮ: ಒಂದರಲ್ಲಿ ಕಾರ್ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರಿ ನೀರು. ಮೈಕ್ರೋಫೈಬರ್ ಬಟ್ಟೆಯನ್ನು ಶಾಂಪೂ ನೀರಿನಲ್ಲಿ ಅದ್ದಿ ಒಂದು ಭಾಗ ಒರೆಸಿ, ಬರಿ ನೀರಿನಲ್ಲಿ ಜಾಲಿಸಿ, ಮತ್ತೆ ಶಾಂಪೂವಿಗೆ. ಹೀಗೆ ಮಾಡಿದರೆ ಮಣ್ಣು ಎರಡನೆಯ ಬಕೆಟ್ಟಿನಲ್ಲೇ ಉಳಿಯುತ್ತದೆ. ಟಾಪ್‌ನಿಂದ ಆರಂಭಿಸಿ ಕೆಳಗಿಳಿಯಬೇಕು. ಚಕ್ರ ಮತ್ತು ಬಾಗಿಲಿನ ಕೆಳಭಾಗ ಕೊನೆಗೆ, ಅದೂ ಬೇರೆ ಬಟ್ಟೆಯಿಂದ. ಬಟ್ಟೆ ನೆಲಕ್ಕೆ ಬಿದ್ದರೆ ಮತ್ತೆ ಬಳಸಬಾರದು.

ಈ ಕ್ರಮದಲ್ಲಿ ನೀರಿನ ಉಳಿತಾಯವೂ ಇದೆ. ಕುಡಿಯುವ ನೀರಿಗೆ ಪರದಾಡುವ ಊರುಗಳಲ್ಲಿ ಪೈಪ್ ಹಿಡಿದು ಕಾರು ತೊಳೆಯುವುದು ಸಲ್ಲದು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಎಂದು ಆದೇಶಿಸಿತ್ತು.

ತೊಳೆದ ಮೇಲೆ ಕೈಗೆ ತೆಳುವಾದ ಪ್ಲಾಸ್ಟಿಕ್ ಚೀಲ ತೊಟ್ಟು ಬಾನೆಟ್ ಸವರಿ ನೋಡಬೇಕು. ಸಣ್ಣ ಮರಳಿನಂತೆ ಒರಟು ತಾಗಿದರೆ ಬಣ್ಣಕ್ಕೆ ಅಂಟಿದ ಕಣಗಳು ಉಳಿದಿವೆ ಎಂದರ್ಥ. ಕಾರಿಗೆಂದೇ ಸಿಗುವ ಕ್ಲೇ ಬಾರ್ ಎಂಬ ಮೆತ್ತನೆಯ ಮುದ್ದೆಯನ್ನು ಶಾಂಪೂ ನೀರಿನ ಜಾರಿಕೆಯಲ್ಲಿ ಹಗುರವಾಗಿ ಆಡಿಸಿದರೆ ಅವು ಕಿತ್ತು ಬರುತ್ತವೆ. ಡಾಂಬರಿನ ಚುಕ್ಕೆಗಳಿಗೆ ಅದಕ್ಕೆಂದೇ ಇರುವ ದ್ರಾವಕ ಬಳಸಬೇಕು. ಚಾಕು, ಬ್ಲೇಡು ತಾಗಿಸಬಾರದು.

ಪಾಲಿಶ್ ಯಾವಾಗ, ಹೇಗೆ

ಪಾಲಿಶ್ ಮಾಡುವ ಅಗತ್ಯವಿದೆಯೇ ಎಂಬುದು ಮೊದಲ ಪ್ರಶ್ನೆ. ತೊಳೆದ ಕಾರು ಮಿನುಗುತ್ತಿದ್ದರೆ ಪಾಲಿಶ್ ಬೇಡ, ನೇರವಾಗಿ ವ್ಯಾಕ್ಸ್ ಹಚ್ಚಬಹುದು. ಮಂಕಾಗಿದ್ದರೆ, ಸುತ್ತುಗೆರೆಗಳು ಎದ್ದು ಕಾಣುತ್ತಿದ್ದರೆ ಮಾತ್ರ ಪಾಲಿಶ್. ಗೀರಿನ ಮೇಲೆ ಉಗುರು ಆಡಿಸಿದಾಗ ಸಿಕ್ಕಿಕೊಂಡರೆ ಅದು ಪಾಲಿಶ್‌ಗೆ ಬಗ್ಗದ ಆಳದ ಗೀರು. ಅದನ್ನು ಅಳಿಸಹೋದರೆ ಸುತ್ತಲಿನ ಕ್ಲಿಯರ್ ಕೋಟ್ ಹೋಗುತ್ತದೆಯೇ ಹೊರತು ಗೀರು ಹೋಗುವುದಿಲ್ಲ.

ಕಪ್ಪು ಪ್ಲಾಸ್ಟಿಕ್ ಪಟ್ಟಿ ಮತ್ತು ರಬ್ಬರ್ ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಬೇಕು, ಪಾಲಿಶ್ ತಾಗಿದರೆ ಅಲ್ಲಿ ಬಿಳಿ ಕಲೆ ಉಳಿಯುತ್ತದೆ. ಅತಿ ನಯವಾದ ಪಾಲಿಶ್‌ನಿಂದಲೇ ಆರಂಭಿಸಬೇಕು. ಅದರಿಂದ ಕೆಲಸವಾಗದಿದ್ದರೆ ಮಾತ್ರ ಒಂದು ಹೆಜ್ಜೆ ಒರಟಾದುದಕ್ಕೆ ಹೋಗಬಹುದು, ಕೊನೆಗೆ ಮತ್ತೆ ನಯವಾದುದರಿಂದ ಮುಗಿಸಬೇಕು. ಸ್ಪಂಜಿಗೆ ಬಟಾಣಿ ಗಾತ್ರದ ಮೂರು ನಾಲ್ಕು ಹನಿ ಹಾಕಿ, ಒಂದು ಸಲಕ್ಕೆ ಎರಡಡಿ ಉದ್ದಗಲದ ಜಾಗ ಮಾತ್ರ ತೆಗೆದುಕೊಂಡು, ಉದ್ದಕ್ಕೂ ಅಡ್ಡಕ್ಕೂ ಸಮನಾದ ಒತ್ತಡದಿಂದ ಉಜ್ಜಬೇಕು. ದ್ರವ ತೆಳುವಾಗಿ ಪಾರದರ್ಶಕವಾದಾಗ ನಿಲ್ಲಿಸಿ ಶುದ್ಧ ಬಟ್ಟೆಯಿಂದ ಒರೆಸಬೇಕು.

ಬಾನೆಟ್ಟಿನ ಅಂಚು, ಬಾಗಿಲಿನ ಏಣು, ಬಂಪರಿನ ಮೂಲೆಗಳಲ್ಲಿ ಬಣ್ಣ ಎಲ್ಲಕ್ಕಿಂತ ತೆಳು. ಅಲ್ಲಿ ಕೈ ಹಗುರವಾಗಿರಬೇಕು. ಒಂದೇ ಅಕ್ಷದಲ್ಲಿ ವೇಗವಾಗಿ ತಿರುಗುವ ರೋಟರಿ ಯಂತ್ರ ಹೊಸಬರ ಕೈಯಲ್ಲಿ ಅಪಾಯಕಾರಿ. ಒಂದೇ ಜಾಗದಲ್ಲಿ ಕ್ಷಣಕಾಲ ನಿಂತರೂ ಬಿಸಿಗೆ ಬಣ್ಣ ಸುಡುತ್ತದೆ. ತಿರುಗುವುದರ ಜೊತೆಗೆ ಓಲಾಡುವ ಡ್ಯುಯಲ್ ಆಕ್ಷನ್ ಯಂತ್ರದಲ್ಲಿ ಈ ಭಯ ಕಡಿಮೆ. ಹೊಳಪಿಲ್ಲದ ಮ್ಯಾಟ್ ಬಣ್ಣದ ಕಾರಿಗೆ ಪಾಲಿಶ್ ಮಾಡಲೇಬಾರದು. ವರ್ಷಕ್ಕೊಮ್ಮೆಗಿಂತ ಹೆಚ್ಚು ಪಾಲಿಶ್ ಸಾಮಾನ್ಯವಾಗಿ ಅನಗತ್ಯ.

ಬ್ರೆಜಿಲ್‌ನ ಎಲೆಯಿಂದ ಬಂದ ಮೇಣ

ಪಾಲಿಶ್ ಆದ ಬಣ್ಣಕ್ಕೆ ರಕ್ಷಣೆ ಇರುವುದಿಲ್ಲ. ಆ ಕೆಲಸ ವ್ಯಾಕ್ಸಿನದು. ಕಾರಿಗೆ ಬಳಸುವ ಸಾಂಪ್ರದಾಯಿಕ ಮೇಣ ಕಾರ್ನೌಬಾ. ಈಶಾನ್ಯ ಬ್ರೆಜಿಲ್‌ನಲ್ಲಿ ಬೆಳೆಯುವ ಒಂದು ಜಾತಿಯ ತಾಳೆಮರವು ಬಿಸಿಲಿನಲ್ಲಿ ತನ್ನ ನೀರು ಆವಿಯಾಗದಂತೆ ಎಲೆಗಳ ಮೇಲೆ ಇದನ್ನು ಸ್ರವಿಸುತ್ತದೆ. ಇದು ಕರಗುವುದು 80 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ. ಜೇನುಮೇಣವಾದರೋ ಸುಮಾರು 62-65 ಡಿಗ್ರಿಯಲ್ಲೇ ಕರಗುತ್ತದೆ. ಆದರೂ ನಮ್ಮ ಬೇಸಿಗೆಯಲ್ಲಿ ಕಾರ್ನೌಬಾ ವ್ಯಾಕ್ಸ್ ಉಳಿಯುವುದು ಒಂದೆರಡು ತಿಂಗಳು ಮಾತ್ರ. ಸೀಲಂಟ್ ಎಂಬ ಕೃತಕ ರಕ್ಷಕಗಳು ನಾಲ್ಕಾರು ತಿಂಗಳು ಬಾಳುತ್ತವೆ. ಸೆರಾಮಿಕ್ ಕೋಟಿಂಗ್ ಇನ್ನೂ ಹೆಚ್ಚು ಕಾಲ ನಿಲ್ಲುತ್ತದೆ. ಆದರೆ ಅದೂ ಕಲ್ಲೇಟನ್ನು ತಡೆಯುವುದಿಲ್ಲ, ಹಚ್ಚುವ ಮೊದಲು ಬಣ್ಣದಲ್ಲಿದ್ದ ದೋಷಗಳು ಅದರಡಿಯಲ್ಲಿ ಹಾಗೆಯೇ ಉಳಿಯುತ್ತವೆ.

ವ್ಯಾಕ್ಸನ್ನು ಎಷ್ಟು ತೆಳುವಾಗಿ ಹಚ್ಚಿದರೆ ಅಷ್ಟು ಒಳ್ಳೆಯದು. ದಪ್ಪ ಹಚ್ಚಿದರೆ ರಕ್ಷಣೆ ಹೆಚ್ಚುವುದಿಲ್ಲ, ಒರೆಸುವ ಕೆಲಸ ಹೆಚ್ಚುತ್ತದೆ. ಮಬ್ಬಾಗಿ ಆರಿದ ಮೇಲೆ ಬೆರಳಿನಿಂದ ಗೀಟೆಳೆದು ನೋಡಬೇಕು. ಗೀಟು ಸ್ವಚ್ಛವಾಗಿ ಬಂದರೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಬಹುದು. ನೀರು ಚಿಮುಕಿಸಿದಾಗ ತಾವರೆ ಎಲೆಯ ಮೇಲಿನಂತೆ ಉಂಡೆಯಾಗಿ ಉರುಳುತ್ತಿದ್ದರೆ ವ್ಯಾಕ್ಸ್ ಇದೆ. ಹಾಳೆಯಂತೆ ಹರಡಿ ನಿಂತರೆ ಮತ್ತೆ ಹಚ್ಚುವ ಕಾಲ ಬಂದಿದೆ. ಹೊಸದಾಗಿ ಬಣ್ಣ ಹೊಡೆಸಿದ ಭಾಗಕ್ಕೆ ಎಷ್ಟು ದಿನ ವ್ಯಾಕ್ಸ್ ಹಚ್ಚಬಾರದೆಂದು ಬಣ್ಣ ಹೊಡೆದವರನ್ನೇ ಕೇಳಿಕೊಳ್ಳಬೇಕು. ಒಳಗಿನ ದ್ರಾವಕ ಆರಿಹೋಗಲು ಕೆಲವು ವಾರ ಬೇಕಾಗುತ್ತದೆ.

ಹಬ್ಬಕ್ಕೆ ಮುನ್ನ

ಬಾಗಲಕೋಟೆಯಲ್ಲಿ ಹೋಳಿ ಒಂದು ದಿನದ ಆಟವಲ್ಲ. ಬಂಡಿಗಳಲ್ಲಿ ಬಣ್ಣದ ಬ್ಯಾರಲ್ ಹೇರಿಕೊಂಡು ಬೀದಿಗಿಳಿಯುವ ಊರಿದು. ಆ ದಿನಗಳಲ್ಲಿ ಬೀದಿಯಲ್ಲಿ ನಿಂತ ಕಾರಿಗೆ ವಾರ ಮೊದಲೇ ವ್ಯಾಕ್ಸ್ ಹಚ್ಚಿದ್ದರೆ ಬಣ್ಣ ಬೇಗ ಬಿಡುತ್ತದೆ. ಆಯುಧಪೂಜೆಯ ಅರಿಷಿಣ, ಕುಂಕುಮ, ವಿಭೂತಿಗೂ ಇದೇ ಮಾತು. ಬಿಳಿ ಕಾರಿನ ಮೇಲೆ ಒದ್ದೆ ಅರಿಷಿಣ ಬಿಸಿಲಿಗೆ ಒಣಗಿದರೆ ಹಳದಿ ಕಲೆ ಹಟ ಹಿಡಿಯುತ್ತದೆ. ಪೂಜೆಯ ಬೊಟ್ಟನ್ನು ಗಾಜಿನ ಮೇಲೆ ಇಟ್ಟರೆ ಭಕ್ತಿಗೂ ಕೊರತೆಯಿಲ್ಲ, ಬಣ್ಣಕ್ಕೂ ತೊಂದರೆಯಿಲ್ಲ.

ಇವು ಬೇಡ

* ಬಟ್ಟೆ ಒಗೆಯುವ ಪುಡಿ, ಪಾತ್ರೆ ಸೋಪು: ಇದ್ದ ವ್ಯಾಕ್ಸನ್ನೂ ತೊಳೆದುಹಾಕುತ್ತವೆ.
* ಸೀಮೆಎಣ್ಣೆ, ಡೀಸೆಲ್: ಕ್ಷಣಿಕ ಹೊಳಪು ಎಣ್ಣೆಯದು. ಅದರ ಮೇಲೆ ಧೂಳು ಇನ್ನಷ್ಟು ಅಂಟುತ್ತದೆ, ಬೆಂಕಿಯ ಭಯ ಬೇರೆ.
* ಟೂತ್‌ಪೇಸ್ಟ್: ಇದರಲ್ಲೂ ಉಜ್ಜುಕಣಗಳಿವೆ, ಆದರೆ ಅವು ಹಲ್ಲಿಗೆ ತಕ್ಕವು, ಬಣ್ಣಕ್ಕಲ್ಲ.
* ಒಣ ಬಟ್ಟೆ, ಪೊರಕೆ: ಧೂಳಿದ್ದಾಗ ಯಾವುದನ್ನೂ ಒಣಗಿದ ಕಾರಿಗೆ ತಾಗಿಸಬಾರದು.
* ಮಣ್ಣು ಮೆತ್ತಿದ ಕಾರಿಗೆ ಕವರ್: ಗಾಳಿಗೆ ಅಲುಗುವ ಕವರ್ ಎಮರಿ ಪೇಪರಿನಂತೆ ಕೆಲಸ ಮಾಡುತ್ತದೆ.

ಕಾರು ಮಾರುವ ದಿನ ಕೊಳ್ಳುವವರ ಕಣ್ಣು ಮೊದಲು ಬೀಳುವುದು ಬಣ್ಣದ ಮೇಲೆ. ಒಂದು ಭಾಗಕ್ಕೆ ಮತ್ತೆ ಬಣ್ಣ ಹೊಡೆದಿರುವುದು ತಿಳಿದರೆ ಅಪಘಾತವಾಗಿತ್ತೇ ಎಂಬ ಶಂಕೆ ಹುಟ್ಟಿ ಬೆಲೆ ಇಳಿಯುತ್ತದೆ. ಕಾರ್ಖಾನೆಯಲ್ಲಿ ಹಾಕಿದ ಆ 40 ಮೈಕ್ರಾನ್ ಪದರವನ್ನು ಉಳಿಸಿಕೊಳ್ಳಲು ಬೇಕಾದುದು ಎರಡು ಬಕೆಟ್ ನೀರು, ನಾಲ್ಕು ಶುದ್ಧ ಬಟ್ಟೆ, ಒಂದು ಡಬ್ಬಿ ವ್ಯಾಕ್ಸ್ ಮತ್ತು ಎರಡು ತಿಂಗಳಿಗೊಮ್ಮೆ ಭಾನುವಾರದ ಅರ್ಧ ದಿನ.