ಅಪ್ಪ ಇನ್ನೂ ಕಾರು ಓಡಿಸ್ತಾರಾ? ಅಮೆರಿಕದಲ್ಲಿ ಹೇಗೆ, ನಮ್ಮಲ್ಲಿ ಹೇಗೆ

ಊರಿಗೆ ಫೋನ್ ಮಾಡಿದಾಗಲೆಲ್ಲ ಅಮ್ಮನ ದೂರು ಒಂದೇ: "ಅಪ್ಪನಿಗೆ ರಾತ್ರಿ ಕಣ್ಣು ಸರಿ ಕಾಣುವುದಿಲ್ಲ, ಆದ್ರೂ ಕಾರು ಬಿಡುವುದಿಲ್ಲ." ಗಲ್ಫ್‌ನಲ್ಲಿರುವ ನಮಗೆ ಇದು ಹೊಸದಲ್ಲ.

ಇಷ್ಟು ವಯಸ್ಸಾಯ್ತು, ಲೈಸೆನ್ಸ್ ವಾಪಸ್ ಕೊಡಿ ಎನ್ನುವ ಕಾನೂನು ನ್ಯೂಯಾರ್ಕ್, ನ್ಯೂಜೆರ್ಸಿಯಲ್ಲೂ ಇಲ್ಲ. ನ್ಯೂಯಾರ್ಕ್‌ನಲ್ಲಿ ಸಾಮಾನ್ಯವಾಗಿ 8 ವರ್ಷಕ್ಕೊಮ್ಮೆ ನವೀಕರಣ, ಆಗ ಕಣ್ಣಿನ ಪರೀಕ್ಷೆ ಕಡ್ಡಾಯ. ನ್ಯೂಜೆರ್ಸಿಯಲ್ಲಿ 4 ವರ್ಷ. 70 ದಾಟಿದವರು ಬೇಕಿದ್ದರೆ 2 ವರ್ಷದ್ದನ್ನೇ ತೆಗೆದುಕೊಳ್ಳಬಹುದು. ಸುರಕ್ಷಿತ ಚಾಲನೆಯ ತರಬೇತಿ ಮುಗಿಸಿದರೆ ನ್ಯೂಯಾರ್ಕ್‌ನಲ್ಲಿ ಇನ್ಶೂರೆನ್ಸ್ ಮೇಲೆ 3 ವರ್ಷ ಶೇ. 10 ರಿಯಾಯಿತಿ ಉಂಟು. ಬೈಯುವುದಕ್ಕಿಂತ ಇದು ವಾಸಿ!

ರಸ್ತೆಯನ್ನೂ ಬದಲಿಸಿದ್ದಾರೆ. ನ್ಯೂಯಾರ್ಕ್ ನಗರ 2008ರಲ್ಲಿ ಹಿರಿಯರಿಗಾಗಿಯೇ ಯೋಜನೆ ಶುರು ಮಾಡಿ, ರಸ್ತೆ ದಾಟಲು ಸಿಗ್ನಲ್‌ನಲ್ಲಿ ಹೆಚ್ಚು ಸಮಯ, ಮಧ್ಯದಲ್ಲಿ ನಿಲ್ಲಲು ಜಾಗ ಕೊಟ್ಟಿತು. 2014ರಲ್ಲಿ ಸಾಮಾನ್ಯ ವೇಗಮಿತಿಯನ್ನು ಗಂಟೆಗೆ 25 ಮೈಲಿಗೆ, ಅಂದರೆ ಸುಮಾರು 40 ಕಿ.ಮೀ.ಗೆ ಇಳಿಸಿತು. 65 ದಾಟಿದವರಿಗೆ ಅಲ್ಲಿನ ಬಸ್ಸು, ಸಬ್‌ವೇಯಲ್ಲಿ ಅರ್ಧ ದರ. ನನ್ನ ಪ್ರಕಾರ ಮುಖ್ಯ ವಿಷಯ ಇದೇ. ಬೇರೆ ದಾರಿ ಇದ್ದರೆ ಮಾತ್ರ ಹಿರಿಯರು ಕೀ ಬಿಡುತ್ತಾರೆ.

ನಮ್ಮಲ್ಲಿ 55 ದಾಟಿದ ಮೇಲೆ ಲೈಸೆನ್ಸ್ 5 ವರ್ಷಕ್ಕೊಮ್ಮೆ ನವೀಕರಣ, ಜೊತೆಗೆ ಡಾಕ್ಟರ ಸರ್ಟಿಫಿಕೇಟು. ಬರೀ ಸಹಿ ಹಾಕಿಸಿಕೊಂಡು ಬರುವುದು ಬೇಡ, ಪೊರೆ ಇದೆಯಾ ಎಂದು ನಿಜಕ್ಕೂ ತೋರಿಸಿ. ಮೊದಲು ರಾತ್ರಿ ಓಡಿಸುವುದು ನಿಲ್ಲಲಿ. ಗುರುತಿನ ಆಟೋದವರ ನಂಬರ್ ಅಪ್ಪನ ಫೋನಿಗೆ ಹಾಕಿಸಿ. ಮುಂದಿನ ತಿಂಗಳು ಹಣ ಕಳಿಸುವಾಗ ಬಾಡಿಗೆಗೆಂದೇ ಸ್ವಲ್ಪ ಸೇರಿಸಿ ಕಳಿಸಿ.