ರಸ್ತೆಯೇ ಕಣವಾಗುವ ಭಾನುವಾರ

ಭಾನುವಾರ ಬೆಳಿಗ್ಗೆ ಆರೂವರೆಗೆ ಹೈಕೋರ್ಟಿನ ಹಿಂದುಗಡೆಯಿಂದ ಕಬ್ಬನ್ ಪಾರ್ಕಿಗೆ ಕಾಲಿಟ್ಟರೆ, ಮರದ ಮೇಲಿನ ಹಕ್ಕಿಗಳ ಗಲಾಟೆಯ ನಡುವೆ ಇನ್ನೊಂದು ಸದ್ದು ಕೇಳುತ್ತದೆ. ಬೀಸೋ ಕಲ್ಲಿನಲ್ಲಿ ರಾಗಿ ಸಣ್ಣಗೆ ಬೀಸುವಾಗ ಬರುತ್ತದಲ್ಲ, ಅಂಥ ಒಂದೇ ಸಮನೆಯ ಗರಗರ. ಸ್ವಲ್ಪ ಹೊತ್ತಿಗೆ ತಿರುವಿನಲ್ಲಿ ಆ ಸದ್ದಿನ ಒಡೆಯರು ಕಾಣಿಸುತ್ತಾರೆ. ನಲವತ್ತು ದಾಟಿದ ಗಂಡಸರು, ಮೂವತ್ತೈದರ ಆಚೀಚಿನ ಹೆಂಗಸರು. ತಲೆಗೆ ಹೆಲ್ಮೆಟ್ಟು, ಮಂಡಿಗೂ ಮೊಣಕೈಗೂ ಪ್ಯಾಡು, ಕಾಲಲ್ಲಿ ಚಕ್ರದ ಬೂಟು. ಪರೀಕ್ಷೆಗೆ ಕೂತ ಮಕ್ಕಳ ಮುಖದಲ್ಲಿರುವ ಏಕಾಗ್ರತೆ ಇವರ ಮುಖದಲ್ಲೂ ಇರುತ್ತದೆ. ಸ್ಕೇಟಿಂಗ್ ಅಂದರೆ ಬೇಸಿಗೆ ಶಿಬಿರ, ಮಕ್ಕಳು, ಮೈದಾನದ ಅಂಚಿನಲ್ಲಿ ನೀರಿನ ಬಾಟ್ಲಿ ಹಿಡಿದು ನಿಂತ ಅಪ್ಪ ಅಮ್ಮ ಅಂತಲೇ ತಿಳಿದಿದ್ದವನು ನಾನು. ಇಲ್ಲಿ ಅಪ್ಪ ಅಮ್ಮನೇ ಚಕ್ರದ ಮೇಲಿದ್ದಾರೆ. ಕೆಲವರ ಮಕ್ಕಳು ಕಲ್ಲುಬೆಂಚಿನ ಮೇಲೆ ಕೂತು ನೋಡುತ್ತಿರುತ್ತಾರೆ.

ನಾನು ಪಾವಗಡ ಸೀಮೆಯವನು, ರಾಯಚರ್ಲು ಕಡೆಯವನು. ಮಧುಗಿರಿ, ಕೊರಟಗೆರೆ, ದಾಬಸ್‌ಪೇಟೆ ದಾಟಿ ಬೆಂಗಳೂರಿಗೆ ಬರುವ ಬಸ್ಸಿನಲ್ಲಿ ಕೂತು ಬಂದ ಸಾವಿರಾರು ಜನರಲ್ಲಿ ಒಬ್ಬ. ಕಬ್ಬನ್ ಪಾರ್ಕಿನ ಈ ರಸ್ತೆಯನ್ನು ನೋಡಿದಾಗ ನನಗೆ ಮೊದಲು ನೆನಪಾದದ್ದು ನಮ್ಮೂರ ಕಣ. ಸುಗ್ಗಿಗೆ ಮುಂಚೆ ನೆಲ ಹದ ಮಾಡಿ, ನೀರು ಚಿಮುಕಿಸಿ, ಗುಂಡು ಉರುಳಿಸಿ, ಸಗಣಿ ಹಾಕಿ ಸಾರಿಸಿ, ಕಾಳು ಚೆಲ್ಲಿದರೆ ಒಂದೂ ಮಣ್ಣಿಗೆ ಸೇರದ ಹಾಗೆ ನುಣ್ಣಗೆ ಮಾಡುತ್ತಿದ್ದರು. ಒಕ್ಕಣೆ ಮುಗಿದು ಕಾಳು ಮನೆ ಸೇರಿದ ಮೇಲೆ ಅದೇ ನೆಲದಲ್ಲಿ ಬೆಳದಿಂಗಳ ರಾತ್ರಿ ಕೋಲಾಟ. ಆಡುತ್ತಿದ್ದವರು ಮಕ್ಕಳಲ್ಲ, ಹಗಲೆಲ್ಲ ಕಡ್ಲೇಕಾಯಿ ಕಿತ್ತು ಬೆನ್ನು ಬಗ್ಗಿದವರು. ಆಂಧ್ರದ ಗಡಿಗೆ ಅಂಟಿಕೊಂಡ ನಮ್ಮ ಹಳ್ಳಿಗಳಲ್ಲಿ ಚೆಕ್ಕಭಜನೆಯೂ ಇತ್ತು. ಕೈಯಲ್ಲಿ ಮರದ ಚೆಕ್ಕೆ, ಬಾಯಲ್ಲಿ ಅರ್ಧ ತೆಲುಗು ಅರ್ಧ ಕನ್ನಡ, ಕಾಲು ಮಾತ್ರ ಒಂದೇ ತಾಳದಲ್ಲಿ. ಮೇಷ್ಟ್ರು ಒಂದು ಕೂಗು ಹಾಕಿದರೆ ಇಡೀ ವೃತ್ತ ಹಿಂದುಮುಂದಾಗಿ ತಿರುಗುತ್ತಿತ್ತು.

ಶಿರಾ, ಮಧುಗಿರಿ ಕಡೆ ಸುಗ್ಗಿಯ ಹೊತ್ತಿಗೆ ಹೋದವರು ಇನ್ನೊಂದು ನೋಟ ಕಂಡಿರುತ್ತಾರೆ. ರಾಗಿ ತೆನೆ, ಹುರುಳಿ ಬಳ್ಳಿಯನ್ನು ಟಾರು ರಸ್ತೆಗೇ ಹರಡಿರುತ್ತಾರೆ. ಲಾರಿ, ಬಸ್ಸು ಅದರ ಮೇಲೆ ಹಾದು ಕಾಳು ಉದುರುತ್ತದೆ. ಕಣ ಮಾಡಲು ಆಳಿಲ್ಲ, ಹೊತ್ತಿಲ್ಲ, ಹಾಗಾಗಿ ರಸ್ತೆಯೇ ಕಣ. ಬೈಕಿನವರಿಗೆ ಅದು ಅಪಾಯ, ನಿಜ. ಆದರೆ ಇರುವ ಸಮತಟ್ಟು ಜಾಗವನ್ನು ಜನ ತಮ್ಮ ಕೆಲಸಕ್ಕೆ ಬಳಸಿಕೊಳ್ಳುವ ರೀತಿ ಅದು. ಕಬ್ಬನ್ ಪಾರ್ಕಿನಲ್ಲಿ ಭಾನುವಾರ ನಡೆಯುವುದೂ ಅದೇ. ವಾರವಿಡೀ ಕಸ್ತೂರ್ಬಾ ರಸ್ತೆಗೂ ವಿಧಾನಸೌಧಕ್ಕೂ ನಡುವೆ ಅಡ್ಡದಾರಿಯಾಗಿ ಕಾರುಗಳನ್ನು ಹೊರುವ ಟಾರು, ಭಾನುವಾರ ಗೇಟು ಹಾಕಿ ವಾಹನ ನಿಲ್ಲಿಸಿದ ಕೂಡಲೇ ಆಟದ ಅಂಗಳವಾಗುತ್ತದೆ.

ಈ ಜಾಗದ ಕತೆಯನ್ನೂ ಹೇಳಬೇಕು. 1870ರಲ್ಲಿ ರಿಚರ್ಡ್ ಸ್ಯಾಂಕಿ ಯೋಜಿಸಿದ ಉದ್ಯಾನ ಇದು. ಮೊದಲು ಇದ್ದ ಹೆಸರು ಮೀಡ್ಸ್ ಪಾರ್ಕ್, ಆಮೇಲೆ ಕಬ್ಬನ್ ಪಾರ್ಕ್. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ವರ್ಷ, 1927ರಲ್ಲಿ, ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಅಧಿಕೃತವಾಗಿ ಹೆಸರಿಟ್ಟರು. ಆ ಹೆಸರಲ್ಲಿ ಕರೆಯುವವರನ್ನು ನಾನಂತೂ ಕಂಡಿಲ್ಲ. ಒಂದು ಕಡೆ ಅಠಾರಾ ಕಚೇರಿಯ ಕೆಂಪು, ನಡುವೆ 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಗ್ರಂಥಾಲಯ, ಅದರಾಚೆ ಬ್ಯಾಂಡ್‌ಸ್ಟ್ಯಾಂಡ್, ಬಾಲಭವನ. ನೇರಳೆ ಮಾರ್ಗದ ಮೆಟ್ರೋದಲ್ಲಿ ಬಂದು ಇಳಿದರೆ ಕಾಲ್ನಡಿಗೆಯ ದೂರ. 2023ರ ಜನವರಿಯಲ್ಲಿ ಶುರುವಾದ ಕಬ್ಬನ್ ರೀಡ್ಸ್ ಎಂಬ ಮೌನ ಓದಿನ ಕೂಟ ಇದೇ ಮರಗಳ ಕೆಳಗೆ ಹುಟ್ಟಿ ಬೇರೆ ಬೇರೆ ಊರುಗಳಿಗೆ ಹಬ್ಬಿತು. ದುಡ್ಡು ಕೊಡದೆ, ಏನೂ ಕೊಳ್ಳದೆ, ಯಾರೂ ಎಬ್ಬಿಸದೆ ದೊಡ್ಡವರು ಒಟ್ಟಿಗೆ ಇರಬಹುದಾದ ಜಾಗ ಬೆಂಗಳೂರಲ್ಲಿ ಹುಡುಕಿದರೆ ಎಷ್ಟು ಸಿಗುತ್ತದೆ? ಸ್ಕೇಟ್ ಮಾಡುವವರು ಇಲ್ಲಿಗೆ ಬರುವುದಕ್ಕೂ ಅದೇ ಕಾರಣ.

ಹೊಸಬರಿಗೆ ಇಲ್ಲಿ ಮೊದಲು ಹೇಳಿಕೊಡುವುದು ಬೀಳುವುದನ್ನು. ಹಿಂದಕ್ಕೆ ಬಿದ್ದರೆ ಬಾಲದ ಮೂಳೆ, ತಲೆ. ಆದ್ದರಿಂದ ತೂಕ ತಪ್ಪಿತು ಅನ್ನಿಸಿದ ಕ್ಷಣ ಮಂಡಿ ಬಗ್ಗಿಸಿ ಮುಂದಕ್ಕೆ ಬೀಳಬೇಕು, ಪ್ಯಾಡಿನ ಮೇಲೆ ಜಾರಬೇಕು. ಮಕ್ಕಳಿಗೆ ಇದನ್ನು ಹೇಳುವ ಅಗತ್ಯವೇ ಇಲ್ಲ, ಅವರ ಮೈ ನೆಲಕ್ಕೆ ಹತ್ತಿರ. ದೊಡ್ಡವರಿಗೆ ಬೀಳುವುದು ಮರೆತುಹೋಗಿರುತ್ತದೆ. ಎಷ್ಟೋ ವರ್ಷದಿಂದ ಬಿದ್ದೇ ಇರುವುದಿಲ್ಲ. ಅವರ ಭಯ ಎರಡು ಥರದ್ದು: ನಾಳೆ ಕೆಲಸಕ್ಕೆ ಹೋಗಬೇಕು ಎಂಬುದು ಒಂದು, ನೋಡುವವರು ಏನಂದಾರು ಎಂಬುದು ಇನ್ನೊಂದು. ವಾಕಿಂಗ್ ಬಂದವರ ಬಾಯಿಂದ ‘ಈ ವಯಸ್ಸಲ್ಲಿ ಇದೆಲ್ಲ ಬೇಕಾ’ ಎಂಬ ಮಾತು ಬರುವುದುಂಟು. ಹೆಂಗಸರಾದರೆ ಅದು ಇನ್ನೂ ಸ್ವಲ್ಪ ಜೋರಾಗಿ ಬರುತ್ತದೆ. ಅದನ್ನು ಕೇಳಿಯೂ ಮುಂದಿನ ಭಾನುವಾರ ಮತ್ತೆ ಬಂದು ಬೂಟು ಕಟ್ಟುವವರ ಬಗ್ಗೆ ನನಗೆ ಬಹಳ ಗೌರವ.

ಚಕ್ರದ ವಿಷಯದಲ್ಲಿ ಈ ಜನ ತುಂಬ ಸೂಕ್ಷ್ಮ. ಎರಡು ಮುಂದೆ ಎರಡು ಹಿಂದೆ ಚಕ್ರವಿರುವುದು ಕ್ವಾಡ್, ಒಂದೇ ಸಾಲಿನಲ್ಲಿ ಇರುವುದು ಇನ್‌ಲೈನ್. ಕ್ವಾಡ್ ತಕ್ಕಡಿಯಂತೆ ನಿಲ್ಲುತ್ತದೆ, ಕುಣಿತಕ್ಕೆ ಒಳ್ಳೆಯದು. ಇನ್‌ಲೈನ್ ದೂರ ಓಡುವುದಕ್ಕೆ. ಒಳಾಂಗಣದ ನಯವಾದ ನೆಲಕ್ಕೆ 95ಎ ಅಥವಾ ಅದಕ್ಕೂ ಗಟ್ಟಿ ಚಕ್ರ ಸರಿ, ರಸ್ತೆಗೆ 78ಎ ಅಳತೆಯ ಮೆತ್ತನೆಯದು ಬೇಕು. ಇಲ್ಲದಿದ್ದರೆ ಟಾರಿನ ಒಂದೊಂದು ಜಲ್ಲಿಯೂ ಹಲ್ಲಿಗೆ ತಾಗುತ್ತದೆ. ಇಲ್ಲಿ ಮರದ ಕಾಯಿ, ಕಡ್ಡಿ ಬೇರೆ ಬಿದ್ದಿರುತ್ತವೆ. ಬೆರಳು ಗಾತ್ರದ ಒಂದು ಕಡ್ಡಿ ಸಾಕು, ಚಕ್ರ ಹಿಡಿದುಬಿಡುತ್ತದೆ. ಹಾಗಾಗಿ ಮುಂದೆ ಹೋಗುವವರು ‘ಕಡ್ಡಿ’ ಅಂತ ಕೂಗುತ್ತಾರೆ, ಹಿಂದಿನವರು ಅದನ್ನೇ ದಾಟಿಸುತ್ತಾರೆ. ಚೆನ್ನಾಗಿ ಬಂದವರು ನಿಧಾನ ಮಾಡಿ ಹೊಸಬರ ಪಕ್ಕ ಸಾಗುತ್ತಾರೆ. ಕೈ ಹಿಡಿಯುವುದಿಲ್ಲ, ಹಿಡಿದರೆ ಇಬ್ಬರೂ ಬೀಳುತ್ತಾರೆ. ಪಕ್ಕದಲ್ಲಿ ಇರುತ್ತಾರೆ, ಅಷ್ಟೆ. ‘ಕಾಲು ನೋಡ್ಬೇಡಿ, ಮುಂದೆ ನೋಡಿ’ ಅನ್ನುತ್ತ. ಜಡೆಕೋಲಾಟ ಕಲಿಸುವಾಗ ನಮ್ಮ ಮೇಷ್ಟ್ರೂ ಅದನ್ನೇ ಹೇಳುತ್ತಿದ್ದರು. ಕೋಲು ನೋಡಬೇಡ, ಎದುರಿನವನನ್ನು ನೋಡು. ಒಬ್ಬ ತಪ್ಪಿದರೆ ಮೇಲಿಂದ ಇಳಿಬಿಟ್ಟ ಹಗ್ಗದ ಜಡೆಯೆಲ್ಲ ಗೋಜಲು.

ಅಸಲಿಗೆ ಈ ಆಟ ಹುಟ್ಟಿದ್ದೇ ದೊಡ್ಡವರಿಗಾಗಿ. 1760ರ ಸುಮಾರಿಗೆ ಲಂಡನ್ನಿನ ಒಂದು ವೇಷದ ಔತಣಕ್ಕೆ ಜಾನ್ ಜೋಸೆಫ್ ಮರ್ಲಿನ್ ಎಂಬ ಕುಶಲಕರ್ಮಿ ಚಕ್ರದ ಬೂಟು ತೊಟ್ಟು ಪಿಟೀಲು ಬಾರಿಸುತ್ತ ಬಂದು, ತಿರುಗಲೂ ನಿಲ್ಲಲೂ ಆಗದೆ ದೊಡ್ಡ ಕನ್ನಡಿಗೆ ಗುದ್ದಿದ ಎಂಬ ಕತೆ ಪ್ರಸಿದ್ಧ. ತಿರುಗುವ ಸಮಸ್ಯೆಯನ್ನು ಬಗೆಹರಿಸಿದ್ದು ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್, 1863ರಲ್ಲಿ. ಮೈಯನ್ನು ಯಾವ ಕಡೆ ವಾಲಿಸಿದರೆ ಆ ಕಡೆಗೆ ಅಚ್ಚು ತಿರುಗುವ ಹಾಗೆ, ಅಚ್ಚಿಗೂ ಅಟ್ಟೆಗೂ ನಡುವೆ ರಬ್ಬರ್ ಇಟ್ಟ. ಮೂರು ವರ್ಷದ ಬಳಿಕ ನ್ಯೂಪೋರ್ಟಿನ ಒಂದು ಹೋಟೆಲಿನ ಊಟದ ಕೋಣೆಯನ್ನು ಸ್ಕೇಟಿಂಗ್ ರಿಂಕ್ ಮಾಡಿದ. ಅಲ್ಲಿ ಬಂದವರು ಮರ್ಯಾದಸ್ಥ ಮನೆಗಳ ಗಂಡಸರು, ಹೆಂಗಸರು. 1870ರ ದಶಕದಲ್ಲಿ ಇಂಗ್ಲೆಂಡಿಗೆ ರಿಂಕಿನ ಹುಚ್ಚೇ ಹಿಡಿದಿತ್ತು.

ನಮ್ಮಲ್ಲಿ ಅದು ಬೇರೆ ದಾರಿ ಹಿಡಿಯಿತು. ಭಾರತ ರೋಲರ್ ಸ್ಕೇಟಿಂಗ್ ಫೆಡರೇಷನ್ ಹುಟ್ಟಿದ್ದು 1955ರಲ್ಲಿ. ಕೋಚು, ಸ್ಪರ್ಧೆ, ಪದಕದ ಏಣಿ ಬೆಳೆಯಿತು. ಅದರ ಫಲ ಚಿಕ್ಕದಲ್ಲ. 2023ರ ಅಕ್ಟೋಬರ್ 2ರಂದು ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 3000 ಮೀಟರ್ ರಿಲೇಯಲ್ಲಿ ನಮ್ಮ ಗಂಡಸರ ತಂಡವೂ ಹೆಂಗಸರ ತಂಡವೂ ಕಂಚು ಗೆದ್ದವು. 2025ರಲ್ಲಿ ತಮಿಳುನಾಡಿನ ಆನಂದ್‌ಕುಮಾರ್ ವೇಲ್‌ಕುಮಾರ್ ಚೀನಾದಲ್ಲಿ ವಿಶ್ವ ಚಾಂಪಿಯನ್ ಆದರು. ಆದರೆ ಆ ಏಣಿಯಲ್ಲಿ ಮೇಲಕ್ಕೆ ಹೋಗದವರು ಹೈಸ್ಕೂಲು ಮುಗಿಯುವ ಹೊತ್ತಿಗೆ ಬೂಟನ್ನು ಅಟ್ಟಕ್ಕೆ ಹಾಕುತ್ತಾರೆ. ಗೆಲ್ಲುವುದಕ್ಕಲ್ಲದೆ ಸುಮ್ಮನೆ ಉರುಳುವುದಕ್ಕೆ ನಮ್ಮ ಊರುಗಳಲ್ಲಿ ಜಾಗವನ್ನೇ ಇಟ್ಟಿಲ್ಲ. ಇದು ನನ್ನನ್ನು ಕಾಡುತ್ತದೆ. ಹುಳಿಮಾವಿನಲ್ಲಿ 2013ರಲ್ಲಿ ಹೋಲಿಸ್ಟೋಕ್ಡ್ ಬಳಗದ ಯುವಕರು ಹೊರದೇಶದ ಗೆಳೆಯರ ಜೊತೆ ಸೇರಿ, ತಾವೇ ಕಾಂಕ್ರೀಟು ಕಲಸಿ 16 ದಿನದಲ್ಲಿ ಸ್ಕೇಟ್‌ಬೋರ್ಡಿನ ಅಂಗಳ ಕಟ್ಟಿದ್ದು ಇದೇ ಕೊರತೆಯಿಂದ. ಬೋರ್ಡಿನವರೂ ಬೂಟಿನವರೂ ಬೇರೆ ಬೇರೆ ಪಂಗಡ. ನೆಲ ಸಿಗದ ಸಂಕಟ ಮಾತ್ರ ಇಬ್ಬರದ್ದೂ ಒಂದೇ.

ನೆಲಕ್ಕಾಗಿ ಜಗಳ ಬೇರೆ ಕಡೆಯೂ ನಡೆದಿದೆ, ನಮಗಿಂತ ಕಠಿಣವಾಗಿ. ಅಮೆರಿಕದಲ್ಲಿ ಕರಿಯ ಜನರನ್ನು ಎಷ್ಟೋ ರಿಂಕುಗಳು ಬಹಳ ಕಾಲ ಒಳಗೇ ಬಿಡಲಿಲ್ಲ. ಬಿಟ್ಟ ಮೇಲೂ ವಾರಕ್ಕೊಂದು ರಾತ್ರಿ ಮಾತ್ರ. ಇವತ್ತಿಗೂ ‘ಅಡಲ್ಟ್ ನೈಟ್’ ಎಂಬ ಬೋರ್ಡು ಅನೇಕ ಕಡೆ ಆ ರಾತ್ರಿಯ ಗುಟ್ಟಿನ ಹೆಸರು. 2018ರ ‘ಯುನೈಟೆಡ್ ಸ್ಕೇಟ್ಸ್’ ಸಾಕ್ಷ್ಯಚಿತ್ರ ಇದನ್ನು ವಿವರವಾಗಿ ತೋರಿಸಿತು. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾತಾಡಿದ ವಾಷಿಂಗ್ಟನ್ ಸಭೆಗೆ ಲೆಜರ್ ಸ್ಮಿತ್ ಎಂಬಾತ ಷಿಕಾಗೋದಿಂದ ಹತ್ತು ದಿನ ಸ್ಕೇಟ್ ಮಾಡಿಕೊಂಡೇ ಬಂದ, 685 ಮೈಲಿ. ಬ್ರೂಕ್ಲಿನ್ನಿನಲ್ಲಿ 1941ರಿಂದ ಇದ್ದ ಎಂಪೈರ್ ರಿಂಕ್ 2007ರಲ್ಲಿ ಬಾಗಿಲು ಹಾಕಿತು. ಆದರೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಕುಣಿಯುತ್ತ ಸ್ಕೇಟ್ ಮಾಡುವವರು 1995ರಲ್ಲಿ ಸಂಘ ಕಟ್ಟಿಕೊಂಡು, ಪರವಾನಗಿ ಪಡೆದು, ತಮ್ಮ ವೃತ್ತವನ್ನು ಉಳಿಸಿಕೊಂಡರು. ಬೇಸಿಗೆಯ ವಾರಾಂತ್ಯಗಳಲ್ಲಿ ಅಲ್ಲಿ ತಲೆ ನೆರೆತವರೂ ಹಾಡು ಹಾಕಿಕೊಂಡು ಸುತ್ತುತ್ತಾರೆ. ಪ್ಯಾರಿಸ್ಸಿನಲ್ಲಿ 1994ರಲ್ಲಿ ಶುರುವಾದ ಶುಕ್ರವಾರ ರಾತ್ರಿಯ ಸ್ಕೇಟಿಂಗಿಗೆ ರಸ್ತೆಯನ್ನೇ ಬಿಟ್ಟುಕೊಡುತ್ತಾರೆ, ಪೊಲೀಸರೂ ಕಾವಲಿಗೆ ಬರುತ್ತಾರೆ. ಜನ ಸುಮಾರು 30 ಕಿಲೋಮೀಟರ್ ಉರುಳುತ್ತಾರಂತೆ.

ನಮ್ಮ ರಾಯಚರ್ಲಿನ ನೆಲದ ಕತೆ ಈಗ ಬೇರೆ. ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚರ್ಲು, ರಾಯಚರ್ಲು, ಈ ಐದು ಊರುಗಳ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂದಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆ, 2,050 ಮೆಗಾವ್ಯಾಟ್ ಸಾಮರ್ಥ್ಯ. ರೈತರು ಜಮೀನನ್ನು ಮಾರಲಿಲ್ಲ, 28 ವರ್ಷಕ್ಕೆ ಗುತ್ತಿಗೆ ಕೊಟ್ಟರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಮಳೆಯೇ ಕಾಣದ ಸೀಮೆಯಲ್ಲಿ ಅದು ಆಸರೆಯಾಯಿತು ಎನ್ನುವವರಿದ್ದಾರೆ. ಸ್ವಂತ ಜಮೀನಿಲ್ಲದೆ ಕೂಲಿಯನ್ನೇ ನಂಬಿದ್ದವರಿಗೆ ಆ ಆಸರೆ ಸಿಗಲಿಲ್ಲ ಎಂಬುದೂ ಅಷ್ಟೇ ನಿಜ. ಬೇಲಿಯೊಳಗೆ ನೆಲವೆಲ್ಲ ನೀಲಿ ಗಾಜು. ಕಡ್ಲೇಕಾಯಿ ಇಲ್ಲದ ಮೇಲೆ ಕಣ ಮಾಡುವವರು ಯಾರು? ಕಣವಿಲ್ಲದೆ ಕೋಲಾಟವನ್ನು ಈಗ ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಮಾಡುತ್ತಾರೆ, ಟೇಪಿನ ಹಾಡಿಗೆ. ನೋಡಲು ಚೆಂದ. ದೊಡ್ಡವರು ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಾರೆ.

ಇದಕ್ಕೇ ಕಬ್ಬನ್ ಪಾರ್ಕಿನ ಆ ರಸ್ತೆಗೆ ನಾನು ಮತ್ತೆ ಮತ್ತೆ ಹೋಗುವುದು. ಗೇಟು ಹಾಕುವ ಒಂದು ಆದೇಶದಿಂದ ಇಷ್ಟು ಜನ ಮನೆಯಿಂದ ಹೊರಗೆ ಬಂದರಲ್ಲ, ಮಧುಗಿರಿಯ ಬೆಟ್ಟದ ಬುಡದ ರಸ್ತೆಗೋ, ಶಿರಾದ ಕೋಟೆಯ ಪಕ್ಕದ ರಸ್ತೆಗೋ ವಾರಕ್ಕೆ ಎರಡು ಗಂಟೆ ಇಂಥದೊಂದು ಗೇಟು ಬೀಳಬೇಕೆಂದು ನಾನು ನಿಜಕ್ಕೂ ಕೇಳುತ್ತೇನೆ. ಸ್ಕೇಟೇ ಆಗಬೇಕೆಂದಿಲ್ಲ. ಚೆಕ್ಕಭಜನೆಯ ಗುಂಪೊಂದು ಬಂದರೂ ಆಯಿತು.

ಒಂಬತ್ತರ ಹೊತ್ತಿಗೆ ಬಿಸಿಲು ಏರುತ್ತದೆ. ಮಕ್ಕಳ ಸೈಕಲ್ಲು, ಬಲೂನಿನವರು, ನಾಯಿ ಹಿಡಿದವರು ತುಂಬುತ್ತಾರೆ. ಸ್ಕೇಟಿನವರು ರಸ್ತೆಯಂಚಿನ ಕಲ್ಲಿನ ಮೇಲೆ ಸಾಲಾಗಿ ಕೂತು ಬೂಟು ಬಿಚ್ಚುತ್ತಾರೆ. ಬೆವರಿದ ಕಾಲ್ಚೀಲದಿಂದ ಹಬೆ ಏಳುತ್ತಿರುತ್ತದೆ. ಆಮೇಲೆ ಪ್ರತಿಯೊಬ್ಬರೂ ಒಂದು ಕೆಲಸ ಮಾಡುತ್ತಾರೆ: ಬೂಟನ್ನು ತಲೆಕೆಳಗು ಹಿಡಿದು ಒಂದೊಂದೇ ಚಕ್ರವನ್ನು ಬೆರಳಿನಿಂದ ತಿರುಗಿಸಿ ಕಿವಿಗೆ ಹತ್ತಿರ ತರುತ್ತಾರೆ. ಬೇರಿಂಗಿನಲ್ಲಿ ಮರಳು ಸೇರಿದ್ದರೆ ಸದ್ದಿನಲ್ಲಿ ಗೊತ್ತಾಗುತ್ತದೆ. ಚಿಕ್ಕಂದಿನಲ್ಲಿ ಶಿರಾದ ಲಾರಿ ಗ್ಯಾರೇಜಿನಲ್ಲಿ ಮೇಸ್ತ್ರಿಯ ಮುಂದೆ ಕೈ ಚಾಚಿ ನಿಂತು ನಾವು ಹಳೇ ಬೇರಿಂಗು ಬೇಡುತ್ತಿದ್ದೆವು, ಹಲಗೆಯ ಕೆಳಗೆ ಸಿಕ್ಕಿಸಿ ಗಾಡಿ ಮಾಡಿ ಇಳಿಜಾರಿನಲ್ಲಿ ಬಿಡಲು. ಆತ ಕೊಡುವ ಮುಂಚೆ ಹೀಗೇ ಗ್ರೀಸಿನ ಬೆರಳಲ್ಲಿ ಒಂದು ಸುತ್ತು ತಿರುಗಿಸಿ ಕಿವಿಗೆ ಹಿಡಿಯುತ್ತಿದ್ದ. ಕೇಳಿ, ‘ಇನ್ನೂ ಓಡ್ತದೆ ತಗಳ್ಲಾ’ ಅಂತ ಕೈಗೆ ಹಾಕುತ್ತಿದ್ದ.