ನಿಮಗಿದು ಗೊತ್ತೆ?: ಚೀನಾದ ‘ಖುಷಿ ಮರ’, ನಮ್ಮ ‘ದುರ್ವಾಸನೆ ಮರ’

ಚೀನೀಯರು ‘ಖುಷಿ ಮರ’ ಎನ್ನುವ ಶಿ ಶೂ ಮರದಲ್ಲಿ ಇರುವ ಕ್ಯಾನ್ಸರ್ ಮದ್ದು ನಮ್ಮ ಘಟ್ಟದ ಮರವೊಂದರಲ್ಲೂ ಇದೆ. ಆದರೆ ನಮ್ಮವರು ಅದಕ್ಕೆ ಇಟ್ಟ ಹೆಸರು ದುರ್ವಾಸನೆ ಮರ! ಹೂವು ಮೂಗು ಮುಚ್ಚಿಕೊಳ್ಳುವಷ್ಟು ನಾರುತ್ತದೆ, ಬೇರೇನೂ ತಪ್ಪಿಲ್ಲ. ರಾಣೆಬೆನ್ನೂರಿನ ಬಯಲಲ್ಲಿ ಇದನ್ನು ಹುಡುಕಬೇಡಿ. ಹಾನಗಲ್ಲು ದಾಟಿ ಶಿರಸಿ ಕಡೆಯ ಕಾಡಿಗೇ ಹೋಗಬೇಕು.

ಮದ್ದಿನ ಹೆಸರು ಕ್ಯಾಂಪ್ಟೊಥೆಸಿನ್. 1966ರಲ್ಲಿ ಚೀನಾದ ಮರದಿಂದ ಅದನ್ನು ಬೇರ್ಪಡಿಸಿದವರು ಅಮೆರಿಕದ ಮೋನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದೂರಬಾರಿನಲ್ಲಿ ಹುಟ್ಟಿದ ಮನ್ಸುಖ್ ವಾಣಿ. ನಮ್ಮ ಮರದಲ್ಲೂ ಅದು ಇದೆ ಎಂದು 1972ರಲ್ಲಿ ತಿಳಿಯಿತು, ಅದೂ ಚೀನಾದ ಮರಕ್ಕಿಂತ ಹೆಚ್ಚು ಪ್ರಮಾಣದಲ್ಲಿ.

ಹಾಗೆಂದು ತೊಗಟೆ ಕುದಿಸಿ ಕುಡಿಯುವಂತಿಲ್ಲ, ಅದು ವಿಷ. ಮೊದಮೊದಲ ಪ್ರಯೋಗಗಳಲ್ಲಿ ರೋಗಿಗಳ ಮೂತ್ರಕೋಶಕ್ಕೇ ಪೆಟ್ಟು ಬಿದ್ದು, ಅಮೆರಿಕದಲ್ಲಿ ಪರೀಕ್ಷೆ ನಿಂತಿತ್ತು. ಅಣುವನ್ನು ತಿದ್ದಿದ ಮೇಲೆ 1996ರಲ್ಲಿ ಎರಡು ಔಷಧಗಳಿಗೆ ಅಲ್ಲಿ ಒಪ್ಪಿಗೆ ಸಿಕ್ಕಿತು: ಅಂಡಾಶಯದ ಕ್ಯಾನ್ಸರಿಗೆ ಟೊಪೊಟೆಕಾನ್, ದೊಡ್ಡ ಕರುಳಿನದಕ್ಕೆ ಇರಿನೊಟೆಕಾನ್. ಇದೇ ಬಳಗದ ಹೈಡ್ರಾಕ್ಸಿಕ್ಯಾಂಪ್ಟೊಥೆಸಿನ್ ಚುಚ್ಚುಮದ್ದನ್ನು ಚೀನಾದಲ್ಲಿ ಯಕೃತ್ತಿನ ಕ್ಯಾನ್ಸರಿಗೂ ಕೊಡುತ್ತಾರೆ.

ಕೋಶ ಎರಡಾಗುವಾಗ ಡಿಎನ್‌ಎ ಎಳೆಯ ಸಿಕ್ಕು ಬಿಡಿಸುವ ಕಿಣ್ವವೊಂದಿದೆ. ಮದ್ದು ಅದನ್ನೇ ಎಳೆಯ ಮೇಲೆ ಸಿಕ್ಕಿಹಾಕಿಸುತ್ತದೆ. ಎಳೆ ತುಂಡಾಗಿ ಕ್ಯಾನ್ಸರ್ ಕೋಶ ಸಾಯುತ್ತದೆ.

ಬೇಡಿಕೆ ಏರಿದಂತೆ ಘಟ್ಟದಲ್ಲಿ ಕೊಡಲಿ ಏಟೂ ಏರಿತು, ಮರ ವಿರಳವಾಯಿತು. 2005ರಲ್ಲಿ ಇನ್ನೊಂದು ಸೋಜಿಗ ಹೊರಬಿತ್ತು: ಈ ಮರದೊಳಗೇ ವಾಸಿಸುವ ಶಿಲೀಂಧ್ರವೊಂದು ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ, ಮರದ ಹಂಗಿಲ್ಲದೆ, ಅದೇ ಮದ್ದನ್ನು ತಯಾರಿಸಿತ್ತು.